ನಾಲ್ಕು ಆಡು ಉಂಟು. ಸಾಲ ತೆಗೆದು ಇಪ್ಪತ್ತೈದು ಮಾಡಬಹುದಾ?

ಬೆಳ್ಮಣ್ ಮನೆಯಾಕೆ:

ಎಲ್ಲರಿಗೂ ನಮಸ್ಕಾರ. ಈ ಗ್ರೂಪಿನಲ್ಲಿ ಅಡಿಕೆ, ಮಲ್ಲಿಗೆ, ದನದ ಬಗ್ಗೆ ಮಾತು ಜಾಸ್ತಿ. ಆಡಿನ ಬಗ್ಗೆ ಯಾರೂ ಕೇಳಿದ್ದು ಕಾಣಲಿಲ್ಲ. ಹಾಗಾಗಿ ನಾನೇ ಕೇಳುತ್ತಿದ್ದೇನೆ.

ನಮ್ಮ ಮನೆ ಉಡುಪಿ ಜಿಲ್ಲೆಯ ಬೆಳ್ಮಣ್ ಹತ್ತಿರ. ಮೂವತ್ತು ಸೆಂಟ್ಸ್ ಜಾಗ, ಹಿಂದೆ ಗುಡ್ಡೆ. ಗಂಡನಿಗೆ ಮುಂಬಯಿಯಲ್ಲಿ ಹೋಟೆಲ್ ಕೆಲಸ. ಮನೆಯಲ್ಲಿ ಅತ್ತೆ, ಇಬ್ಬರು ಮಕ್ಕಳು. ನಾನು ಬೀಡಿ ಕಟ್ಟುತ್ತೇನೆ. ಆದರೆ ಬ್ರಾಂಚಿನಲ್ಲಿ ಮೊದಲಿನಷ್ಟು ಎಲೆ ಕೊಡುವುದಿಲ್ಲ. ವಾರದಲ್ಲಿ ಎರಡು ದಿನ ಸುಮ್ನೆ ಕೂರಬೇಕಾಗುತ್ತದೆ.

ಆಡು ಒಟ್ಟು ನಾಲ್ಕು. ಎರಡು ಹೆಣ್ಣಾಡು ನಮ್ಮದೇ. ಒಂದು ಆಚೆಮನೆಯ ಕ್ರಿಶ್ಚಿಯನ್ ಬಾಯಮ್ಮ ಪಾಲಿಗೆ ಬಿಟ್ಟದ್ದು, ಅಂದರೆ ಆಡು ಅವರದ್ದು, ಸಾಕುವುದು ನಾನು, ಮರಿ ಹಂಚಿಕೊಳ್ಳುವುದು. ನಾಲ್ಕನೆಯದು ಹೋತ. ಮಗನಿಗೆ ಜ್ವರ ಬಂದು ಬಿಡದೆ ಇದ್ದಾಗ ಅತ್ತೆ ಕಾಪು ಮಾರಿಯಮ್ಮನಿಗೆ ಹರಕೆ ಹೇಳಿಕೊಂಡದ್ದು. ಅದನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ.

ಕಳೆದ ವರ್ಷ ಮಗಳ ಪಿಯುಸಿ ಸೇರ್ಪಡೆಗೆ ಎರಡು ಮರಿ ಮಾರಿದೆವು. ಯಾರ ಹತ್ತಿರವೂ ಕೈ ಚಾಚದೆ ಫೀಸು ಕಟ್ಟಿದೆ. ಅದರಿಂದ ಧೈರ್ಯ ಬಂತು. ಮೊನ್ನೆ ನಮ್ಮ ಸಂಘದ ಮೀಟಿಂಗಿಗೆ ಆಡು ಮಾರುವವರೊಬ್ಬರು ಬಂದಿದ್ದರು. ಮೊಬೈಲಿನಲ್ಲಿ ಬೋಯರ್ ಕ್ರಾಸ್, ಉದ್ದ ಕಿವಿಯ ಜಮುನಾಪಾರಿ ಎಲ್ಲ ತೋರಿಸಿದರು. ಇಪ್ಪತ್ತು ಹೆಣ್ಣು, ಒಂದು ಹೋತ, ಶೆಡ್ಡನ್ನೂ ಅವರೇ ಹಾಕಿ ಕೊಡುತ್ತಾರಂತೆ. ಮೂರು ಲಕ್ಷ. ಸಾಲ ಸಿಗುತ್ತದೆ, ವಾರದ ಕಂತು. ತಿಂಗಳಿಗೆ ಇಪ್ಪತ್ತೈದು ಸಾವಿರ ಎಲ್ಲಿಗೂ ಹೋಗುವುದಿಲ್ಲ ಅಂತ ಅವರ ಮಾತು.

ಅತ್ತೆಗೆ ಮನಸ್ಸಿಲ್ಲ. "ಆಡು ಹೆಚ್ಚಾದರೆ ಊರಿನವರ ಜೊತೆ ಜಗಳವೂ ಹೆಚ್ಚು" ಅನ್ನುತ್ತಾರೆ. ಗಂಡ ಫೋನಿನಲ್ಲಿ "ನೋಡು, ನಿನಗೆ ಬಿಟ್ಟದ್ದು" ಅಂದರು. ನಮ್ಮ ಕಡೆ ಮಳೆಯಲ್ಲಿ ಅಷ್ಟು ಆಡು ಉಳಿಯುತ್ತವಾ? ಪಾಲಿನ ಆಡನ್ನು ನಾನೇ ಕೊಂಡುಕೊಂಡರೆ ಬಾಯಮ್ಮನಿಗೆ ಬೇಸರ ಆಗಬಹುದಾ? ಸಾಕಿದವರು ಯಾರಾದರೂ ಇದ್ದರೆ ಹೇಳಿ.

ಮಣಿಪಾಲ್ ಡೆಸ್ಕ್:

ಅಕ್ಕ, ಸಾಲಕ್ಕಿಂತ ಮೊದಲು ಸಬ್ಸಿಡಿ ನೋಡಿ. ಕೇಂದ್ರದ ರಾಷ್ಟ್ರೀಯ ಜಾನುವಾರು ಮಿಷನ್ 2021-22ರಲ್ಲಿ ಹೊಸ ರೂಪದಲ್ಲಿ ಬಂತು. ಆಡು, ಕುರಿ ತಳಿ ಘಟಕಕ್ಕೆ ಶೇ 50 ಸಹಾಯಧನ ಉಂಟು. ನೂರು ಹೆಣ್ಣು, ಐದು ಗಂಡಿನ ಘಟಕಕ್ಕೆ 10 ಲಕ್ಷದ ತನಕ, ಐನೂರರ ಘಟಕಕ್ಕೆ 50 ಲಕ್ಷದ ತನಕ.

ಮಟನ್ ರೇಟ್ ಇಳಿದದ್ದನ್ನು ನಾನಂತೂ ಕಂಡಿಲ್ಲ. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದಲ್ಲಿ ಆಡು ಸುಮಾರು 61.7 ಲಕ್ಷ, ಕುರಿ ಒಂದು ಕೋಟಿ ದಾಟಿದೆ. ಅದರಲ್ಲಿ ಹೆಚ್ಚಿನವು ಘಟ್ಟದ ಮೇಲಿನವು. ಮಂಗಳೂರಿಗೆ ಲಾರಿಯಲ್ಲಿ ಬರುತ್ತವೆ. ಇಲ್ಲೇ ಸಾಕಿದರೆ ಮಾರುಕಟ್ಟೆ ಕಾಲಬುಡದಲ್ಲೇ ಇದೆ, ಅಲ್ವಾ? ಧೈರ್ಯ ಮಾಡಿ.

ಬಜ್ಪೆ ವ್ಯಾಪಾರಿ:

ಮಣಿಪಾಲದವರೇ, ಆ ಯೋಜನೆ ನೂರು ಆಡಿನಿಂದ ಶುರು. ಆ ತಂಗಿಗೆ ಇರುವುದು ಮೂವತ್ತು ಸೆಂಟ್ಸ್.

ತಂಗಿ, ನಾನು ಬಜ್ಪೆ ಕಡೆಯ ಬ್ಯಾರಿ, ಕರಾವಳಿಯ ಮುಸ್ಲಿಂ. ನಮ್ಮದು ತಂದೆಯ ಕಾಲದಿಂದ ಆಡು ವ್ಯಾಪಾರ. ಅವರದ್ದು ಸೈಕಲ್, ನನ್ನದು ಲೂನಾ, ಈಗ ಮಗನದ್ದು ಪಿಕಪ್. ಕಟೀಲು, ಕಿನ್ನಿಗೋಳಿ, ಮುಂಡ್ಕೂರು, ಬೆಳ್ಮಣ್, ಶಿರ್ವ, ಈ ದಾರಿಯಲ್ಲಿ ಯಾರ ಮನೆಯ ಹಿಂದೆ ಎಷ್ಟು ಆಡು ಉಂಟು ಅಂತ ನನಗೆ ಬಾಯಿಪಾಠ. ಈಗ ಮೊಣಗಂಟು ಕೇಳುವುದಿಲ್ಲ, ಜಗಲಿಯಲ್ಲಿ ಕೂತು ಮೊಬೈಲ್ ನೋಡುವುದು. ನಿಮಗೆ ಸಲಹೆ ಕೊಡುವವರೆಲ್ಲ ಆಡು ಮಾರುವವರು. ನಾನು ಕೊಳ್ಳುವವನ ಕಡೆಯಿಂದ ಹೇಳುತ್ತೇನೆ. ಮಗ ಓದಿದರೆ ಬೈಯಬಹುದು, ಪರವಾಗಿಲ್ಲ.

ನಾನು ಹೋದ ಮನೆಗಳಲ್ಲಿ ಹೆಚ್ಚಿನವರು ಆಡು ಬೆಳೆಯಿತು ಅಂತ ಮಾರಲಿಲ್ಲ. ಹಣ ಬೇಕಾಯಿತು ಅಂತ ಮಾರಿದರು. ಮೇ ಕೊನೆಗೆ ಹೇಳಿ ಕಳುಹಿಸಿದರೆ ಶಾಲೆ ಫೀಸು. ಆಟಿಯಲ್ಲಾದರೆ, ಅಂದರೆ ಜುಲೈ ಆಗಸ್ಟಿನ ಮಳೆಯಲ್ಲಿ, ಆಸ್ಪತ್ರೆ, ಇಲ್ಲ ಮಾಡಿನ ಹಂಚು. ಆಗ ಕೂಲಿ ಕೆಲಸವೂ ಇರುವುದಿಲ್ಲ. ಮಳೆ ಬಿಟ್ಟ ಮೇಲೆ ಬಂದರೆ ಮದುವೆ, ಮನೆಯೊಕ್ಕಲು. ಯಾರ ಮನೆಯಲ್ಲಿ ಎಂತ ಕಷ್ಟ ಅಂತ ಅವರ ನೆಂಟರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಅರ್ಜೆಂಟ್ ಇದ್ದವರ ಹತ್ತಿರ ರೇಟ್ ಹೇಗೆ ಮಾತಾಡುವುದು ಅಂತಲೂ ವ್ಯಾಪಾರಿಗಳಿಗೆ ಗೊತ್ತು. ನಿಮ್ಮ ಎರಡು ಮರಿ ಫೀಸಿಗೆ ಅಂತ ಹೋಯಿತು ಅಂದಿರಲ್ಲ, ಬಂದವನು ನಾಲ್ಕೈದು ನೂರು ಕಡಿಮೆಯೇ ಕೊಟ್ಟಿರುತ್ತಾನೆ. ಎರಡು ವಾರ ಮೊದಲೇ ಮಾರಿ ಹಣ ಇಟ್ಟುಕೊಳ್ಳಿ.

ಇನ್ನೊಂದು. ದನ ಮಾರುವಾಗ ಗಂಡಸರು ಅಂಗಳಕ್ಕೆ ಬರುತ್ತಾರೆ. ಆಡು ಮಾರುವಾಗ ಮಾತಾಡುವುದು ಹೆಂಗಸರು. ಹಣವನ್ನೂ ಅವರೇ ಎಣಿಸುತ್ತಾರೆ. ಮುಂಡ್ಕೂರಿನ ಹತ್ತಿರ ಒಬ್ಬರು ಅಮ್ಮ ಇದ್ದರು. ಗಂಡ ಸಾರಾಯಿ ಗಡಂಗಿಗೆ ಹೋಗುವ ಹೊತ್ತು ನೋಡಿ, ಹಿಂದಿನ ಗುಡ್ಡೆ ದಾರಿಯಲ್ಲಿ ಬಾ ಅನ್ನುತ್ತಿದ್ದರು. ಆಡನ್ನು ಆ ದಾರಿಯಲ್ಲೇ ಹಿಡಿದುಕೊಂಡು ಹೋಗಬೇಕು, ಕೂಗದ ಹಾಗೆ ಬಾಯಿಗೆ ಹಲಸಿನ ಸೊಪ್ಪು ಕೊಟ್ಟುಕೊಂಡು. ಆ ಹಣದಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದರು. ಬೀಡಿ ಹಣ ವಾರವಾರ ಅಕ್ಕಿ, ಮೀನಿಗೆ ಹೋಗುತ್ತದೆ. ದೊಡ್ಡ ಖರ್ಚಿಗೆ ಕೈಗೆ ಬರುವುದು ಆಡಿನ ಹಣವೇ. ನಮ್ಮ ಈ ಬದಿಯಲ್ಲಿ ಬೀಡಿಯೂ ಆಡೂ ಒಂದೇ ಮನೆಯಲ್ಲಿ ಇರುವುದಕ್ಕೆ ಕಾರಣ ಅದು ಅಂತ ನನ್ನ ಅಂದಾಜು.

ಈಗ ನಿಮ್ಮ ಮೂರು ಲಕ್ಷಕ್ಕೆ ಬರುತ್ತೇನೆ. ಕಂತು ಮುಂದಿನ ವಾರದಿಂದಲೇ ಶುರು. ಆಡು ಗಬ್ಬವಾದ ಮೇಲೆ ಮರಿ ಹಾಕಲು ಐದು ತಿಂಗಳು, ನೂರೈವತ್ತು ದಿನ ಅಂತ ಲೆಕ್ಕ. ಆ ಮರಿ ಮಾರುವಷ್ಟು ಆಗಲು ಇನ್ನೂ ಎಂಟು ಹತ್ತು ತಿಂಗಳು. ಅಂದರೆ ವರ್ಷಕ್ಕಿಂತ ಮೇಲೆ ಒಂದು ರೂಪಾಯಿ ಬರುವುದಿಲ್ಲ, ಕಂತು ಮಾತ್ರ ಹೋಗುತ್ತದೆ. ಎಲ್ಲಿಂದ ಕಟ್ಟುತ್ತೀರಿ? ಬೀಡಿಯಿಂದ. ಇಲ್ಲದಿದ್ದರೆ ಗಬ್ಬದ ಆಡನ್ನೇ ಮಾರಬೇಕು. ಕಂತಿನ ಹಿಂದಿನ ದಿನ ಗಬ್ಬದ ಆಡು ಮಾರಲು ಕರೆದ ಮನೆಗಳಿಗೆ ನಾನು ಹೋಗಿದ್ದೇನೆ. ತಿಂಗಳಿಗೆ ಇಪ್ಪತ್ತೈದು ಸಾವಿರ ಅಂದವರಿಗೆ ಮೊದಲನೆಯ ತಿಂಗಳು ಎಲ್ಲಿಂದ ಬರುತ್ತದೆ ಅಂತ ಒಮ್ಮೆ ಕೇಳಿ ನೋಡಿ.

ಸೊಪ್ಪಿನ ಲೆಕ್ಕ ಬೇರೆ. ಒಂದು ದೊಡ್ಡ ಆಡಿಗೆ ದಿನಕ್ಕೆ ನಾಲ್ಕು ಕಿಲೋ ಹಸಿ ಸೊಪ್ಪಾದರೂ ಬೇಕು. ಇಪ್ಪತ್ತೈದಕ್ಕೆ ನೂರು ಕಿಲೋ, ದಿನಾಲೂ. ಮಳೆ ಬರಲಿ, ನಿಮಗೆ ಜ್ವರ ಬರಲಿ. ಮೊದಲು ಗುಡ್ಡೆಗೆ ಬಿಟ್ಟರೆ ಸಂಜೆ ತಾವೇ ಬರುತ್ತಿದ್ದವು. ಗುಡ್ಡದ ಮೇಲೆ ಬಯಲಿನ ಪದವು ಇತ್ತು, ಪಟ್ಟಾ ಜಾಗಕ್ಕೆ ತಾಗಿ ಸರ್ಕಾರದ ಕುಮ್ಕಿ ಜಾಗ ಇತ್ತು. ಈಗ ಪದವಿನಲ್ಲಿ ಲೇಔಟ್, ಗುಡ್ಡೆಯಲ್ಲಿ ರಬ್ಬರ್, ಉಳಿದದ್ದು ಅಕೇಶಿಯಾ. ಅದರ ಅಡಿಯಲ್ಲಿ ಹುಲ್ಲೂ ಸರಿ ಬರುವುದಿಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆ ಮಾಡಿದವರು ಆಡು ಸಾಕಿರಲಿಕ್ಕಿಲ್ಲ. ನೆಲಕ್ಕೆ ಬಿದ್ದು ತುಳಿದ ಸೊಪ್ಪನ್ನು ಅದು ಮೂಸಿ ನೋಡಿ ಮುಖ ತಿರುಗಿಸುತ್ತದೆ, ನವಾಬನ ಹಾಗೆ. ಕಟ್ಟಿ ತೂಗಾಡಿಸಿ ಕೊಡಬೇಕು. ಮೂಟೆಯ ಮೇವು ತಂದು ಹಾಕಿದರೆ ಲಾಭ ಎಲ್ಲ ಮೂಟೆಯವನಿಗೆ.

ತಳಿಯ ಬಗ್ಗೆ. ಜಮುನಾಪಾರಿ ಚಂದದ ಆಡು, ಸುಳ್ಳಲ್ಲ. ಆದರೆ ಅದು ಉತ್ತರ ಪ್ರದೇಶದ ಒಣ ಊರಿನದ್ದು. ನಮ್ಮ ಹತ್ತಿರ ಗಲ್ಫಿನಿಂದ ಬಂದವರೊಬ್ಬರು ಮೂವತ್ತು ತಂದು ಕಟ್ಟಿದ್ದರು, ಸಿಮೆಂಟ್ ನೆಲ, ಟೈಲ್ಸ್ ಗೋಡೆ. ಜುಲೈಯಲ್ಲಿ ಕೆಮ್ಮು ಹಿಡಿದು ಒಂದೊಂದೇ ಹೋದವು. ಉಳಿದದ್ದನ್ನು ನನ್ನ ಮಗನೇ ತಂದದ್ದು, ಕೊಂಡ ರೇಟಿನ ಅರ್ಧಕ್ಕೆ. ನಿಮಗೆ ಊರಿನ ಆಡೇ ಸಾಕು, ಇಲ್ಲದಿದ್ದರೆ ಮಲಬಾರಿ. ಅದು ತಲಶ್ಶೇರಿ, ಕಣ್ಣೂರು ಕಡೆಯದ್ದು. ಅಲ್ಲಿಯ ಮಳೆಗೂ ನಮ್ಮ ಮಳೆಗೂ ವ್ಯತ್ಯಾಸ ಇಲ್ಲ. ಒಂದು ಒಳ್ಳೆ ಮಲಬಾರಿ ಹೋತವನ್ನು ಅಕ್ಕಪಕ್ಕದ ನಾಲ್ಕು ಮನೆ ಸೇರಿ ತಂದರೆ ಮರಿಗಳು ತಾವೇ ದೊಡ್ಡದಾಗುತ್ತವೆ. ನೀವು ಈಗ ಹರಕೆ ಹೋತವನ್ನೇ ಬೀಜಕ್ಕೆ ಬಿಡುತ್ತಿದ್ದೀರಾ? ಅದರ ಮಗಳು ಬೆಳೆದ ಮೇಲೆ ಅದೇ ಹೋತ ಬೇಡ. ಮರಿ ಸಣ್ಣದಾಗುತ್ತವೆ.

ಮಾರುವ ಸಮಯ ನಿಮ್ಮ ಕೈಯಲ್ಲಿರಬೇಕು. ಬಕ್ರೀದಿಗೆ ಕೊಡುವ ಆಡಿಗೆ ಒಂದು ವರ್ಷ ತುಂಬಿರಬೇಕು. ನಾವು ಬಾಯಿ ತೆರೆದು ನೋಡುತ್ತೇವೆ, ಮುಂದಿನ ಎರಡು ದೊಡ್ಡ ಹಲ್ಲು ಬಂದಿದ್ದರೆ ಸಂಶಯವೇ ಇಲ್ಲ. ಕುಂಟು, ಕುರುಡು, ಕಿವಿ ಹರಿದದ್ದು, ಕೊಂಬು ಬುಡದಲ್ಲೇ ಮುರಿದದ್ದು ಯಾರೂ ಕೇಳುವುದಿಲ್ಲ. ಅದೇ ಕಾರಣಕ್ಕೆ ಒಳ್ಳೆ ಹೋತವನ್ನು ಮುಳ್ಳುಬೇಲಿಯ ಬದಿಯಲ್ಲಿ ಕಟ್ಟಬೇಡಿ. ಹಬ್ಬ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಬರುತ್ತದೆ. 2023ರಲ್ಲಿ ಜೂನ್ 29, 2024ರಲ್ಲಿ ಜೂನ್ 17, 2025ರಲ್ಲಿ ಜೂನ್ 7. ಇನ್ನು ಮೇ ತಿಂಗಳಿಗೆ ಸರಿಯುತ್ತದೆ, ಅಂದರೆ ಮಳೆಗೆ ಮೊದಲೇ. ನಿಮಗೆ ಅದು ಒಳ್ಳೆಯದೇ. ಮಳೆಗಾಲ ಶುರುವಾಗುವ ಮೊದಲು ದೊಡ್ಡವು ಖಾಲಿ, ಹಟ್ಟಿಯಲ್ಲಿ ಜಾಗ ಆಗುತ್ತದೆ. ಮಳೆ ಬಿಟ್ಟ ಮೇಲೆ ಹುಟ್ಟಿದ ಮರಿ, ಮುಂದಿನ ವರ್ಷ ಬಿಟ್ಟು ಅದರ ಮುಂದಿನ ಬೇಸಿಗೆಯ ಹಬ್ಬಕ್ಕೆ ಸರಿಯಾಗುತ್ತದೆ. ಅಷ್ಟು ಕಾಯಲು ಆಗದಿದ್ದರೆ ಕಾಪುವಿನ ಸುಗ್ಗಿ ಮಾರಿಪೂಜೆ ಉಂಟು, ಮಾರ್ಚಿನಲ್ಲಿ. ಆ ವಾರ ಆಡಿಗೂ ಕೋಳಿಗೂ ಕೇಳಿದ ರೇಟ್. ಈಸ್ಟರ್ ಆದ ಮೇಲೆ ಕ್ರಿಶ್ಚಿಯನ್ ಮದುವೆಗಳು. ನಮ್ಮಲ್ಲಿ ಮಗು ಹುಟ್ಟಿದರೆ ಅಖೀಕ, ಗಂಡಿಗೆ ಎರಡು ಆಡು, ಹೆಣ್ಣಿಗೆ ಒಂದು. ಅದಕ್ಕೆ ಕಾಲ ಅಂತ ಇಲ್ಲ. ವ್ಯಾಪಾರ ಮಂದ ಇರುವುದು ಈಸ್ಟರಿನ ಮೊದಲು ಕ್ರಿಶ್ಚಿಯನ್ನರ ತಪಸ್ಸು ಕಾಲದ ನಲವತ್ತು ದಿನ, ಆಮೇಲೆ ಆಗಸ್ಟ್ ಸೆಪ್ಟೆಂಬರಿನ ಸೋಣ ತಿಂಗಳು. ಸೋಣದಲ್ಲಿ ಎಷ್ಟೋ ಮನೆಯಲ್ಲಿ ಮಾಂಸ ಮಾಡುವುದಿಲ್ಲ.

ಹೀಗೆ ನೋಡಿದರೆ ಒಬ್ಬ ಬ್ಯಾರಿ, ಒಬ್ಬ ಬಾಯಮ್ಮ, ಒಬ್ಬ ಹರಕೆಯ ಅಮ್ಮ, ಮೂವರಿಗೂ ನಿಮ್ಮ ಹಿತ್ತಿಲ ಆಡೇ ಬೇಕು. ಮಾರಿಪೂಜೆಗೆ ಆಡು ಕೊಟ್ಟವನು ನಾನೇ, ಬಕ್ರೀದಿಗೆ ಮುಂಡ್ಕೂರು ಅಮ್ಮನ ಹೋತ ತಂದವನೂ ನಾನೇ. ಯಾರೂ ಒಂದು ಮಾತು ಆಡಿದವರಲ್ಲ. ಈಗ ಮಾತು ಜಾಸ್ತಿಯಾಗಿದೆ, ಅದು ಬಿಡಿ.

ಕೊನೆಗೆ ಒಂದು ಸಣ್ಣ ವಿಷಯ. ಪೇಟೆಯಲ್ಲಿ ತೂಗುಹಾಕುವ ತಕ್ಕಡಿ ಸಿಗುತ್ತದೆ, ಐವತ್ತು ಕಿಲೋದ್ದು. ತಂದಿಟ್ಟುಕೊಳ್ಳಿ. ನಾವು ಕಣ್ಣಂದಾಜಿನಲ್ಲಿ ರೇಟ್ ಹೇಳುತ್ತೇವೆ. ಸೊಂಟದ ಹತ್ತಿರ ಬೆನ್ನಿಗೆ ಹೆಬ್ಬೆರಳು ಒತ್ತಿ ನೋಡುತ್ತೇವೆ, ಎಲುಬು ಚುಚ್ಚಿದರೆ ಮಾಂಸ ಇಲ್ಲ. ಇಪ್ಪತ್ತು ಕಿಲೋ ಆಡಿನಲ್ಲಿ ಮಾಂಸ ಒಂಬತ್ತು, ಹೆಚ್ಚೆಂದರೆ ಹತ್ತು ಕಿಲೋ. ತಲೆ, ಕಾಲು, ಬೋಟಿ ಬೇರೆ. ಚರ್ಮಕ್ಕೆ ಮೊದಲು ಒಳ್ಳೆ ಬೆಲೆ ಇತ್ತು, ಈಗ ಕೇಳುವವರಿಲ್ಲ. ಅಂಗಡಿಯ ಮಾಂಸದ ರೇಟ್ ಎಷ್ಟು ಅಂತ ನಿಮಗೆ ಗೊತ್ತುಂಟು. ಲೆಕ್ಕ ಹಾಕಿ, ಆಮೇಲೆ ಮಾತಾಡಿ. ತೂಗುವ ಮೊದಲು ಉಪ್ಪು ನೆಕ್ಕಿಸಿ ನೀರು ಕುಡಿಸುವ ಉಪಾಯ ಬೇಡ, ಅದು ನಮಗೆ ಹೊಟ್ಟೆ ನೋಡಿಯೇ ಗೊತ್ತಾಗುತ್ತದೆ.

ನನ್ನ ಮಾತು ಕೇಳಿದರೆ ಆರು, ಎಂಟು ಹೆಣ್ಣಾಡು ಸಾಕು. ಹೊರಗಿನಿಂದ ತರಬೇಡಿ. ಇದ್ದವುಗಳ ಹೆಣ್ಣುಮರಿ ಮಾರದೆ ಇಟ್ಟುಕೊಳ್ಳಿ, ಎರಡು ವರ್ಷದಲ್ಲಿ ತಾವೇ ಆಗುತ್ತವೆ.

ಶಂಕರಪುರ ಮಲ್ಲಿಗೆ:

ಅಕ್ಕ, ನಿಮ್ಮ ಅತ್ತೆ ಹೇಳಿದ್ದು ಸರಿ. ನಮ್ಮ ಮಲ್ಲಿಗೆ ಗಿಡಕ್ಕೆ ಒಮ್ಮೆ ಪಕ್ಕದ ಮನೆಯ ಆಡು ನುಗ್ಗಿತ್ತು. ಚಿಗುರು ಪೂರಾ ಖಾಲಿ. ಹೂವಿಗೆ ಒಳ್ಳೆ ರೇಟ್ ಇರುವ ಮದುವೆ ಸೀಸನ್. ದಿನಕ್ಕೆ ಎರಡು ಅಟ್ಟೆ, ಅಂದರೆ ಎಂಟು ಚೆಂಡು ಹೂ ಕೊಡುತ್ತಿದ್ದ ಕಡೆ ನಾಲ್ಕು ಚೆಂಡು ಆಗುವುದೂ ಕಷ್ಟವಾಯಿತು. ಆ ಮನೆಯವರ ಜೊತೆ ಮಾತು ನಿಂತು ಹೋಯಿತು, ಮಗಳ ಮದುವೆಗೆ ಕರೆಯುವ ತನಕ.

ಆದರೆ ಅದೇ ಮನೆಯಿಂದ ಈಗ ನಾನು ಗೋಣಿ ಲೆಕ್ಕದಲ್ಲಿ ಆಡಿನ ಹಿಕ್ಕೆ ತರುತ್ತೇನೆ! ಹಟ್ಟಿಗೊಬ್ಬರದಲ್ಲಿ ಸಾರಜನಕ ಶೇ 0.5ರ ಹತ್ತಿರ. ಆಡು, ಕುರಿಯ ಗೊಬ್ಬರದಲ್ಲಿ ಶೇ 3 ಅಂತ ಕೃಷಿ ಪುಸ್ತಕಗಳಲ್ಲಿ ಇದೆ. ಹೊತ್ತು ತರುವುದೂ ಸುಲಭ, ಒಣಗಿದ್ದು. ಹಸಿಯಾಗಿ ಹಾಕಬೇಡಿ ಅಷ್ಟೇ, ಬುಡ ಸುಡುತ್ತದೆ. ಒಂದೆರಡು ತಿಂಗಳು ರಾಶಿ ಹಾಕಿಟ್ಟು ಹಾಕುವುದು. ಅಡಿಕೆ ತೋಟದವರು ಘಟ್ಟದ ಮೇಲಿನಿಂದ ಲಾರಿಯಲ್ಲಿ ಕುರಿಗೊಬ್ಬರ ತರಿಸುತ್ತಾರೆ, ಅದರಲ್ಲಿ ಅರ್ಧ ಮಣ್ಣು. ನಿಮ್ಮ ಬೆಳ್ಮಣ್, ಶಿರ್ವ ಕಡೆಯೂ ಮಲ್ಲಿಗೆ ಇರುವ ಮನೆ ಬೇಕಾದಷ್ಟು ಉಂಟು. ಮರಿ ಮಾರದ ತಿಂಗಳಲ್ಲಿ ಹಿಕ್ಕೆ ಮಾರಿ. ಗೊಬ್ಬರ ಕೊಂಡುಹೋಗುವ ಮನೆಯವರು ಆಡು ನುಗ್ಗಿದರೂ ಸ್ವಲ್ಪ ಮೆಲ್ಲ ಬೈಯುತ್ತಾರೆ.

ನಿವೃತ್ತ ಪರಿವೀಕ್ಷಕ:

ನಾನು ಪಶುಸಂಗೋಪನಾ ಇಲಾಖೆಯಲ್ಲಿದ್ದು, ಕಾರ್ಕಳ ಬದಿಯಲ್ಲೇ ನಿವೃತ್ತನಾದವನು. ಬಜ್ಪೆಯವರು ಹಣದ ವಿಷಯ ಹೇಳಿದ್ದಾರೆ. ನಾನು ಮಳೆಯದ್ದು ಹೇಳುತ್ತೇನೆ, ಏಕೆಂದರೆ ನಮ್ಮಲ್ಲಿ ಆಡು ಸಾಯುವುದು ಹೆಚ್ಚಾಗಿ ಜೂನಿನಿಂದ ಸೆಪ್ಟೆಂಬರ್ ಒಳಗೆ.

ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಹತ್ತಿರ ಮಳೆ ಬೀಳುವ ಊರು ಇದು. ಆಡಿಗೆ ಚಳಿ ತಡೆಯುತ್ತದೆ, ಒದ್ದೆ ತಡೆಯುವುದಿಲ್ಲ. ನೆಲದ ಮೇಲೆ ಕಟ್ಟಿದರೆ ಗೊರಸು ಕೊಳೆಯುತ್ತದೆ, ಮೂತ್ರದ ವಾಸನೆಗೆ ಕೆಮ್ಮು ಹಿಡಿಯುತ್ತದೆ. ಅಟ್ಟದ ಹಟ್ಟಿಯೇ ಬೇಕು. ನೆಲದಿಂದ ನಾಲ್ಕು ಅಡಿ ಎತ್ತರ, ಮೇಲೆ ಅಡಿಕೆ ಮರ ಸೀಳಿದ ಸಲಾಕೆ. ದೊಡ್ಡ ಆಡಿಗೆ ಒಂದಕ್ಕೆ ಹತ್ತು ಚದರ ಅಡಿ ಜಾಗ. ಹಿಕ್ಕೆ ಕೆಳಗೆ ಬೀಳುತ್ತದೆ, ಒಣಗಿಯೇ ಇರುತ್ತದೆ, ಶಂಕರಪುರದವರಿಗೂ ಅದೇ ಬೇಕಾದ್ದು. ಮಾಡು ಇಳಿಜಾರಾಗಿ ಉದ್ದ ಬರಲಿ, ಎರಚಲು ಒಳಗೆ ಬರಬಾರದು. ಮೂರು ಲಕ್ಷದ ಪ್ಯಾಕೇಜಿನ ಶೆಡ್ಡು ಏನೂ ಬೇಡ. ಊರಿನ ಬಡಗಿ ಸಾಕು.

ಹೊಟ್ಟೆಹುಳ ನಮ್ಮಲ್ಲಿ ದೊಡ್ಡ ಶತ್ರು. ರಕ್ತ ಹೀರುವ ಹುಳ. ಮಳೆಗಾಲದಲ್ಲಿ ಬೆಳಿಗ್ಗೆ ಹುಲ್ಲಿನ ತುದಿಯಲ್ಲಿ ನೀರು ಇರುವಾಗ ಅದರ ಮರಿಗಳು ಮೇಲೆ ಹತ್ತಿರುತ್ತವೆ. ಆಗ ಮೇಯಲು ಬಿಡಬೇಡಿ. ಕಣ್ಣಿನ ಕೆಳರೆಪ್ಪೆ ಎಳೆದು ಒಳಗೆ ನೋಡಿ. ಕೆಂಪಾಗಿದ್ದರೆ ಸರಿ, ಬಿಳಿಚಿದ್ದರೆ ಅಂದೇ ಔಷಧ. ದವಡೆಯ ಕೆಳಗೆ ನೀರು ತುಂಬಿದ ಊತ ಕಂಡರೆ ಈಗಾಗಲೇ ತಡವಾಗಿದೆ ಅಂತ ಅರ್ಥ. ಎಲ್ಲ ಆಡಿಗೂ ತಿಂಗಳು ತಿಂಗಳು ಔಷಧ ಕುಡಿಸುವವರಿದ್ದಾರೆ. ಅದು ಬೇಡ, ಹುಳಕ್ಕೆ ಔಷಧ ನಾಟದ ಹಾಗೆ ಆಗುತ್ತದೆ.

ಲಸಿಕೆ ಎರಡನ್ನು ಮರೆಯಬೇಡಿ. ಪಿಪಿಆರ್, ಊರಿನವರು ಆಡಿನ ಪ್ಲೇಗು ಅನ್ನುವುದು. ಮರಿಗೆ ನಾಲ್ಕು ತಿಂಗಳು ಆದ ಮೇಲೆ ಒಮ್ಮೆ ಹಾಕಿದರೆ ಮೂರು ವರ್ಷ ಚಿಂತೆ ಇಲ್ಲ. ಇನ್ನೊಂದು ಕರುಳುಬೇನೆಯದ್ದು, ಮಳೆ ಶುರುವಾಗುವ ಮೊದಲು, ವರ್ಷವರ್ಷ. ಹೊಸ ಹುಲ್ಲು ಬಂದ ಕೂಡಲೇ ಹೊಟ್ಟೆ ತುಂಬ ತಿಂದ ಗಟ್ಟಿ ಮರಿಯೇ ರಾತ್ರಿ ಬೆಳಗಾಗುವುದರಲ್ಲಿ ಸತ್ತು ಬಿದ್ದಿರುತ್ತದೆ. ಕಣ್ಣು ತಾಗಿತು ಅನ್ನುತ್ತಾರೆ. ಕಣ್ಣಲ್ಲ, ಈ ಕರುಳುಬೇನೆ. ಆ ದಿನಗಳಲ್ಲಿ ಮೊದಲು ಸ್ವಲ್ಪ ಒಣಹುಲ್ಲು ತಿನ್ನಿಸಿ ಆಮೇಲೆ ಬಿಡಿ.

ಸೊಪ್ಪಿಗೆ ಹಲಸು, ಹಾಲುವಾಣ, ಅಗಸೆ, ನುಗ್ಗೆ ಒಳ್ಳೆಯದು. ಬೇಲಿಗೆ ಗೊಬ್ಬರದ ಗಿಡ, ಅದೇ ಗ್ಲಿರಿಸಿಡಿಯಾ, ನೆಟ್ಟರೆ ವರ್ಷದಲ್ಲಿ ಸೊಪ್ಪು. ಶುರುವಿಗೆ ವಾಸನೆಗೆ ತಿನ್ನುವುದಿಲ್ಲ, ಒಂದು ದಿನ ಬಾಡಿಸಿ ಕೊಡಿ. ಮರಗೆಣಸಿನ ಹಸಿ ಎಲೆ ಮಾತ್ರ ಬೇಡವೇ ಬೇಡ. ಅದರಲ್ಲಿ ಸಯನೈಡ್ ಹುಟ್ಟುತ್ತದೆ, ಗಂಟೆಯೊಳಗೆ ಆಡು ಹೋಗುತ್ತದೆ. ಹಿತ್ತಿಲಲ್ಲಿ ಮರಗೆಣಸು ಇದ್ದರೆ ಸುತ್ತ ಬೇಲಿ ಹಾಕಿ.

ಆಡು ಆಕಸ್ಮಿಕವಾಗಿ ಸತ್ತರೆ ರಾಜ್ಯ ಸರ್ಕಾರದ ಅನುಗ್ರಹ ಯೋಜನೆಯಲ್ಲಿ ಪರಿಹಾರ ಉಂಟು. ಆದರೆ ಹೂಳುವ ಮೊದಲು ಪಶುವೈದ್ಯರಿಗೆ ತಿಳಿಸಿ ಮರಣೋತ್ತರ ಪರೀಕ್ಷೆ ಆಗಬೇಕು. ದುಃಖದಲ್ಲಿ ಹೂಳಿ ಆಮೇಲೆ ಬಂದವರೇ ಜಾಸ್ತಿ. ರೋಗ ಬಂದಾಗ 1962ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ.

ಡೆಂಗ್ಯೂ ಕಾಲದಲ್ಲಿ ಆಡಿನ ಹಾಲು ಕೇಳಿಕೊಂಡು ಕಾರಿನಲ್ಲಿ ಬರುವವರಿದ್ದಾರೆ, 2019ರಲ್ಲಿ ಮಂಗಳೂರಿನಿಂದ ಸಾಲು ಸಾಲು ಬಂದಿದ್ದರು. ಹಾಲಿನಿಂದ ಪ್ಲೇಟ್‌ಲೆಟ್ ಏರುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಮರಿ ಕುಡಿದು ಉಳಿದರೆ ಕೊಡಿ, ಕುದಿಸಿ ಕುಡಿಯಿರಿ ಅನ್ನಿ, ಆಸ್ಪತ್ರೆಗೂ ಹೋಗಿ ಅನ್ನಿ. ಮರಿಯ ಬಾಯಿ ಬಿಡಿಸಿ ಮಾರಬೇಡಿ.

ಬೆಳ್ಮಣ್ ಮನೆಯಾಕೆ:

ಇಷ್ಟು ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. ಅತ್ತೆಗೆ ಓದಿ ಹೇಳಿದೆ. ಕಂತಿನ ಲೆಕ್ಕ ಕೇಳಿ "ನಾನು ಹೇಳಿದ್ದು ಅದನ್ನೇ" ಅಂದರು. ಅವರು ಹೇಳಿದ್ದು ಅದಲ್ಲ, ಇರಲಿ.

ಆಡು ಮಾರುವವರಿಗೆ ಫೋನ್ ಮಾಡಿ ಮೊದಲ ತಿಂಗಳ ಹಣ ಎಲ್ಲಿಂದ ಅಂತ ಕೇಳಿದೆ. "ನಿಮಗೆ ಇಷ್ಟ ಇಲ್ಲದಿದ್ದರೆ ಬೇರೆಯವರು ಕಾದಿದ್ದಾರೆ" ಅಂತ ಇಟ್ಟುಬಿಟ್ಟರು.

ಬಜ್ಪೆ ಅಣ್ಣ, ಪಾಲಿನ ಆಡಿನ ವಿಷಯ ನೀವು ಹೇಳಲಿಲ್ಲ. ಈಗ ಅದು ಎರಡನೆಯ ಸಲ ಗಬ್ಬ. ಮೊದಲನೆಯ ಮರಿ ನನಗೆ ಬಂತು, ಇನ್ನು ಹುಟ್ಟುವುದು ಬಾಯಮ್ಮನಿಗೆ. ಎರಡು ಹುಟ್ಟಿದರೆ ಒಂದೊಂದು. ಹರಕೆ ಹೋತ ದೊಡ್ಡದಾಗಿದೆ, ಎರಡು ಹಲ್ಲು ಬಂದಿದೆ. ನಿಮ್ಮ ಹಾಗೆ ಒಬ್ಬರು ಬೇಲಿಯ ಹೊರಗೆ ನಿಂತು ಒಳ್ಳೆ ರೇಟ್ ಹೇಳಿ ಹೋದರು. ಅತ್ತೆ ಅವರನ್ನು ನೋಡಿದ ನೋಟ ನೀವು ನೋಡಬೇಕಿತ್ತು.

ಬಜ್ಪೆ ವ್ಯಾಪಾರಿ:

ಅದು ನನ್ನ ಮಗನೇ ಇರಬಹುದು, ತಂಗಿ!

ಹರಕೆಯದ್ದು ಮುಟ್ಟಬೇಡಿ. ಎಷ್ಟು ರೇಟ್ ಬಂದರೂ. ನಾವು ವ್ಯಾಪಾರಿಗಳೂ ಗೊತ್ತಿದ್ದು ಹರಕೆ ಆಡು ತರುವುದಿಲ್ಲ, ಆಮೇಲೆ ಆ ಮನೆಯಲ್ಲಿ ಯಾರಿಗಾದರೂ ತಲೆನೋವು ಬಂದರೂ ನಮ್ಮ ಹೆಸರು ಬರುತ್ತದೆ. ಆಡನ್ನೇ ಒಪ್ಪಿಸುವುದಾ, ಬೆಲೆ ಕಟ್ಟಿ ಕಾಣಿಕೆ ಹಾಕುವುದಾ ಅಂತ ಮಾರಿಗುಡಿಯಲ್ಲಿ ಕೇಳಿ, ಅವರು ಹೇಳುತ್ತಾರೆ. ನಮ್ಮವರೂ ಉಳ್ಳಾಲ ದರ್ಗಕ್ಕೆ ಆಡು ಹರಕೆ ಹೇಳಿಕೊಳ್ಳುತ್ತಾರೆ. ಉರೂಸ್ ಇರುವುದು ಐದು ವರ್ಷಕ್ಕೊಮ್ಮೆ. ಅಷ್ಟರ ತನಕ ಕೆಲವು ಮನೆಯಲ್ಲಿ ಆ ಹೋತ ಅಂಗಳದ ಯಜಮಾನ. ಸೋಫಾದಲ್ಲಿ ಮಲಗಿದ್ದನ್ನೂ ನೋಡಿದ್ದೇನೆ.

ಪಾಲಿನದ್ದನ್ನು ಕೊಂಡುಕೊಳ್ಳಬೇಡಿ ಅಂತ ನಾನು ಹೇಳುವುದು. ಬಾಯಮ್ಮನ ಮಕ್ಕಳು ಎಲ್ಲಿದ್ದಾರೆ? ಮಸ್ಕತ್ತೋ ಕುವೈಟೋ ಇರಬೇಕು. ಅವರಿಗೆ ಆ ಒಂದು ಮರಿಯ ಹಣ ದೊಡ್ಡದಲ್ಲ. ಆಡು ನೋಡುವ ನೆಪದಲ್ಲಿ ವಾರಕ್ಕೊಮ್ಮೆ ನಿಮ್ಮಲ್ಲಿಗೆ ಬರುತ್ತಾರೆ, ನಿಮ್ಮ ಮಕ್ಕಳಿಗೆ ಎಂತಾದರೂ ತರುತ್ತಾರೆ, ಅಲ್ವಾ? ಲೆಕ್ಕ ತೀರಿಸಿದರೆ ಅದು ನಿಲ್ಲುತ್ತದೆ. ಬದಲಿಗೆ ಇನ್ನೊಂದು ಹೆಣ್ಣುಮರಿ ಪಾಲಿಗೆ ಬಿಡುತ್ತೀರಾ ಅಂತ ಕೇಳಿ. ಸಾಲ ಇಲ್ಲದೆ ಹಟ್ಟಿ ತುಂಬಿಸುವ ದಾರಿ ಅದು. ಬಂಡವಾಳ ಅವರದ್ದು, ಸೊಪ್ಪು ನಿಮ್ಮದು, ಕಂತು ಯಾರದ್ದೂ ಇಲ್ಲ. ಒಂದೇ ಶರತ್ತು, ಆಡು ಸತ್ತರೆ ಹೂಳುವ ಮೊದಲು ಅವರನ್ನು ಕರೆದು ತೋರಿಸಬೇಕು. ಮಾರಿಬಿಟ್ಟಳು ಅನ್ನುವ ಮಾತು ಬರಬಾರದು. ಪಾಲು ಮುರಿದು ಎರಡು ಮನೆಯವರು ಪಂಚಾಯಿತಿಗೆ ಹೋದದ್ದು ನಾನು ಕಂಡದ್ದೆಲ್ಲ ಇದೇ ಕಾರಣಕ್ಕೆ.

ಬೆಳ್ಮಣ್ ಮನೆಯಾಕೆ:

ಬಾಯಮ್ಮನ ಮಗ ಕುವೈಟಿನಲ್ಲೇ! ಹೇಗೆ ಹೇಳಿದಿರಿ ಅಣ್ಣ? ಕೇಳಿ ನೋಡುತ್ತೇನೆ.

ಸರ್, ಹಟ್ಟಿ ಎಂಟು ಆಡಿಗೆ ಆಗುವಷ್ಟು ಕಟ್ಟಿಸುವ ಅಂತ ಮಾಡಿದ್ದೇವೆ. ನಮ್ಮ ಭಾವನ ತೋಟದಲ್ಲಿ ಗಾಳಿಗೆ ಬಿದ್ದ ಅಡಿಕೆ ಮರ ಉಂಟು, ಸುಮ್ನೆ ಕೊಡುತ್ತಾರೆ. ಸಲಾಕೆಯ ಮಧ್ಯೆ ಎಷ್ಟು ಸಂದು ಬಿಡಬೇಕು? ಬಡಗಿ ಎರಡು ಇಂಚು ಅನ್ನುತ್ತಾನೆ.

ನಿವೃತ್ತ ಪರಿವೀಕ್ಷಕ:

ಎರಡು ಇಂಚು ಬಿಟ್ಟರೆ ಮರಿಯ ಕಾಲು ಸಿಕ್ಕಿ ಮುರಿಯುತ್ತದಮ್ಮ. ಅರ್ಧ ಇಂಚು, ಕೈಬೆರಳು ಹೋಗುವಷ್ಟು. ಹಿಕ್ಕೆ ಬಿದ್ದರೆ ಸಾಕು. ಸಲಾಕೆಯ ಒಳಗಿನ ಮೆತ್ತಗಿನ ತಿರುಳು ಪೂರಾ ಕೆತ್ತಿ ತೆಗೆಯಲು ಹೇಳಿ, ಇಲ್ಲದಿದ್ದರೆ ಮೊದಲ ಮಳೆಗೇ ಕೊಳೆತು ಕುಂಬಾಗುತ್ತದೆ. ನಯವಾದ ಹೊರಮೈ ಮೇಲೆ ಬರಲಿ, ಆದರೆ ಆಡು ಜಾರದ ಹಾಗೆ ಅಲ್ಲಲ್ಲಿ ಕತ್ತಿಯಿಂದ ಗೆರೆ ಹಾಕಿಸಿ. ಮರಿ ಇರುವ ಮೂಲೆಗೆ ಹದಿನೈದು ದಿನ ಗೋಣಿ ಹಾಸಿ, ದಿನಾ ಬದಲಿಸಿ. ಏಪ್ರಿಲಿನೊಳಗೆ ಮುಗಿಸಿ, ಮೇಯಲ್ಲಿ ಬಡಗಿ ಸಿಗುವುದಿಲ್ಲ.